ಕ್ಯಾಮೆರಾ ಆನ್ ಇಟ್ಟ ಚೆನ್ನಯಣ್ಣ

ಮುಂಬಯಿಯ ಬೈಕುಲ್ಲಾದ ಉಡುಪಿ ಹೋಟೆಲೊಂದರ ಮ್ಯಾನೇಜರ್ ಚೆನ್ನಯಣ್ಣನಿಗೆ ಐವತ್ತು ದಾಟಿದ ಮೇಲೆ ಇಂಗ್ಲಿಷ್ ಎಂ.ಎ. ಮಾಡುವ ಮನಸ್ಸಾಯಿತು. ರಾತ್ರಿ ಕಾಲೇಜಿನಲ್ಲಿ ಓದಿ ಬಿ.ಎ. ಮುಗಿಸಿದ ಮನುಷ್ಯ, ಅಲ್ಲಿಗೇ ನಿಲ್ಲಬಹುದಿತ್ತು. ಆದರೆ ಆನ್‌ಲೈನ್ ಕ್ಲಾಸು ಶುರುವಾದ ಮೇಲೆ, ಯುನಿವರ್ಸಿಟಿಯೇ ತನ್ನನ್ನು ಹುಡುಕಿಕೊಂಡು ಸ್ಟೋರ್‌ರೂಮಿನ ತನಕ ಬಂದಿದೆ ಎಂದು ಅವನಿಗೆ ಅನ್ನಿಸಿತು. ಬಂದವರನ್ನು ಬರಿಗೈಯಲ್ಲಿ ಕಳಿಸುವ ಅಭ್ಯಾಸ ಹೋಟೆಲಿನವರಿಗಿಲ್ಲ.

ಮಧ್ಯಾಹ್ನದ ಊಟದ ಗದ್ದಲ ಇಳಿದ ಮೇಲೆ ಕ್ಲಾಸು. ಇಸ್ತ್ರಿ ಹಾಕಿದ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ, ಬೆನ್ನ ಹಿಂದಿನ ಅಕ್ಕಿ ಮೂಟೆಗಳನ್ನು ಮುಚ್ಚಲು ಹೆಂಡತಿಯ ರೇಷ್ಮೆ ಸೀರೆ. ಕೆಳಗೆ ಮಾತ್ರ ಲುಂಗಿ, ಅದು ಸಿಲೆಬಸ್ಸಿನ ಹೊರಗಿನದು. ಉಳಿದ ಹುಡುಗ ಹುಡುಗಿಯರೆಲ್ಲ ಕ್ಯಾಮೆರಾ ಮುಚ್ಚಿ ಬರೀ ಹೆಸರಾಗಿ ಕೂರುತ್ತಿದ್ದರು. ಪವಾಯಿಯ ಸೃಜನ್ ಎಂಬವನು ಒಮ್ಮೆ ಮೈಕು ಮುಚ್ಚಲು ಮರೆತು, ಅವನ ಗೊರಕೆಯಲ್ಲಿ ಅರ್ಧ ಕವಿತೆ ಮುಳುಗಿಹೋಗಿತ್ತು. ಪರದೆಯ ಮೇಲೆ ಇದ್ದದ್ದು ಚೆನ್ನಯಣ್ಣನ ಮುಖ ಒಂದೇ, ಹಾಗಾಗಿ ಮಾಧುರಿ ಮೇಡಂ ಅವನಿಗೇ ಪಾಠ ಹೇಳುತ್ತಿದ್ದರು. ಯಾರಾದರೂ ತಡವಾಗಿ ಸೇರಿದ ಸದ್ದಾದರೆ, ಗಲ್ಲಾದಲ್ಲಿ ಕೂತ ಅಭ್ಯಾಸದಿಂದ ಅವನು "ಆಯಿಯೇ, ಬೈಠಿಯೇ" ಎಂದುಬಿಡುತ್ತಿದ್ದ.

ಪದ್ಯ ಓದಿ ಮುಗಿಸಿ ಮೇಡಂ, ನಿಮಗೇನನ್ನಿಸುತ್ತದೆ ಎಂದು ಕೇಳುವರು. ಈ ಪ್ರಶ್ನೆಯನ್ನು ಅವನಿಗೆ ಜನ್ಮದಲ್ಲಿ ಬೇರೆ ಯಾರೂ ಕೇಳಿರಲಿಲ್ಲ. ಹೋಟೆಲಿನಲ್ಲಿ ಜನ ಕೇಳುವುದು ವಡೆ ಬಿಸಿ ಇದೆಯೇ, ಚಿಲ್ಲರೆ ಇದೆಯೇ ಎಂದು. ಆದ್ದರಿಂದ ಚೆನ್ನಯಣ್ಣನಿಗೆ ಎಲ್ಲದರ ಬಗ್ಗೆಯೂ ಧಾರಾಳವಾಗಿ ಅನ್ನಿಸುತ್ತಿತ್ತು.

ಅಷ್ಟರಲ್ಲಿ ಲೈವ್ ಪಾಠ ಬೇಕೋ, ರೆಕಾರ್ಡ್ ಮಾಡಿದ್ದು ಸಾಕೋ ಎಂದು ಯುನಿವರ್ಸಿಟಿ ವಿದ್ಯಾರ್ಥಿಗಳ ಅಭಿಪ್ರಾಯ ಕೇಳಿತು. ಲೈವ್ ನಿಂತರೆ ತನ್ನ ಆ ಒಂದು ಗಂಟೆಯೂ ಹೋಯಿತು. ಚೆನ್ನಯಣ್ಣ ಚುನಾವಣೆಗೆ ನಿಂತವನಂತೆ ಒಬ್ಬೊಬ್ಬರಿಗೂ ಫೋನು ಹಚ್ಚಿ, ಸಾಹಿತ್ಯದ ಭವಿಷ್ಯ ನಿಮ್ಮ ಕೈಯಲ್ಲಿದೆ ಎಂದ. ಕುರ್ಲಾದ ನಿಖತ್ ಲೋಕಲ್‌ನ ಗದ್ದಲದಲ್ಲೇ ಫೋನೆತ್ತಿದಳು. ಅವಳ ಮನೆಯವರು ವಿಜಯಪುರದ ಕಡೆಯವರು, ಅವಳು ಹಗಲೆಲ್ಲ ಕ್ಲಿನಿಕ್ಕಿನಲ್ಲಿ ಕೆಲಸಕ್ಕಿದ್ದವಳು.

"ರೆಕಾರ್ಡ್ ಇದ್ರ ಟ್ರೇನ್‌ನ್ಯಾಗ ಡಬಲ್ ಸ್ಪೀಡ್‌ಲೆ ಕೇಳ್ತೀನಿ ಅಂಕಲ್."

"ಡಬಲ್ ಸ್ಪೀಡಲ್ಲಿ ಪದ್ಯ ಎಂತ ತಿಳೀತದೆ ಮಾರಾಯ್ತಿ? ದೋಸೆ ಬೇಯುವ ಮೊದಲೇ ಮಗುಚಿದ ಹಾಗೆ."

"ಕೆಟ್ರ ಮತ್ತ ಹಾಕ್ಬಹುದಲ್ಲ. ಲೈವ್‌ನ್ಯಾಗ ಹೋತಂದ್ರ ಹೋತು."

ದೋಸೆಯ ವಿಷಯದಲ್ಲಿ ಅವನಿಗೆ ಯಾರೂ ಹೀಗೆ ಎದುರು ಹೇಳಿರಲಿಲ್ಲ. ಫಲಿತಾಂಶವೂ ಹಾಗೇ ಬಂತು: ರೆಕಾರ್ಡೇ ಸಾಕು.

ಚೆನ್ನಯಣ್ಣ ಮಂಕಾಗಿ ಗಲ್ಲಾದಲ್ಲಿ ಕೂತಿರುವಾಗ ಮಾಧುರಿ ಮೇಡಂ ಫೋನು ಮಾಡಿದರು. ಖಾಲಿ ಪರದೆಯ ಮುಂದೆ ಮಾತೇ ಹೊರಡುತ್ತಿಲ್ಲ, ರೆಕಾರ್ಡ್ ಮಾಡುವಾಗ ಎದುರಿಗೊಂದು ಮುಖ ಬೇಕು, ಮೈಕು ಮುಚ್ಚಿ ಸುಮ್ಮನೆ ಕೂರುತ್ತೀರಾ ಎಂದು ಕೇಳಿದರು. ಸಂಜೆಯೊಳಗೆ ಇಡೀ ಹೋಟೆಲಿಗೆ, ಮೇಡಂ ಚೆನ್ನಯಣ್ಣನ ಹೊರತು ಪಾಠ ಮಾಡಲಾರರು ಎಂಬುದು ಗೊತ್ತಾಯಿತು. ಹೆಂಡತಿ ಪ್ರಫುಲ್ಲಾ ಸುದ್ದಿ ಕೇಳಿ, "ಬಾಯಿ ಮುಚ್ಚಿ ತಲೆ ಆಡಿಸ್ತೀರಾ? ಮನೆಯಲ್ಲೂ ಸ್ವಲ್ಪ ಅಭ್ಯಾಸ ಮಾಡಿ," ಎಂದಳು.

ಮೊದಲ ರೆಕಾರ್ಡಿಂಗಿನಲ್ಲಿ ಒಂದು ಉದ್ದನೆಯ ಶೋಕಗೀತೆ. ನಡುವೆ ಅವನ ಹುಬ್ಬು ತಾನಾಗಿ ಗಂಟಿಕ್ಕಿತು. ಮೇಡಂ ಪಾಠ ನಿಲ್ಲಿಸಿ ಏನಾಯಿತೆಂದು ಕೇಳಿದರು. ಅವನು ಮೈಕು ತೆರೆದ. ಕ್ಲಾಸಿನಲ್ಲಿ ಬೇರೆ ಯಾರೂ ಇಲ್ಲ, ಮಾನ ಹೋಗುವ ಭಯವೂ ಇಲ್ಲ.

"ಅರ್ಥ ಆಗ್ಲಿಲ್ಲ ಮೇಡಂ. ಕಳೆದ ವಾರದ್ದೂ ಆಗ್ಲಿಲ್ಲ."

ಮೇಡಂ ಕೈಯಲ್ಲಿದ್ದ ಹಾಳೆ ಪಕ್ಕಕ್ಕಿಟ್ಟು, ಮೊದಲ ಸಾಲಿನಿಂದ ಮತ್ತೆ ಶುರು ಮಾಡಿದರು. ಈ ಸಲ ಪಾಠ ಹಾಳೆಯಿಂದ ಬರಲಿಲ್ಲ, ಅವರೊಳಗಿಂದ ಬಂತು. ಮುಗಿದ ಮೇಲೆ ಚೆನ್ನಯಣ್ಣ ತೃಪ್ತಿಯಿಂದ ಎರಡು ಚಹಾ ಕುಡಿದ. ಎರಡನೆಯದರ ನಡುವೆ, ಹೇಳಿದ್ದೆಲ್ಲ ರೆಕಾರ್ಡ್ ಆಗಿದೆ ಎಂಬುದು ಹೊಳೆದು ಚಹಾ ನೆತ್ತಿಗೇರಿತು.

ಮರುದಿನ ಫೋನಿನಲ್ಲಿ ನಿಖತ್‌ಳ ಹೆಸರು ಕಂಡಾಗ, ಎತ್ತಬೇಕೋ ಬೇಡವೋ ಎಂದು ಅವನು ಬಹಳ ಹೊತ್ತು ಯೋಚಿಸಿದ.

"ಅಂಕಲ್, ಆ ಪದ್ಯ ನನಗೂ ತಿಳಿದಿದ್ದಿಲ್ಲ. ನೀವು ಕೇಳಿದಕೂಡಲೇ ಸ್ಪೀಡ್ ಕಮ್ಮಿ ಮಾಡ್ದೆ, ಇಳಿಯೂದು ಮರತು ಕುರ್ಲಾ ದಾಟಿ ಮುಂದ ಹೋದೆ," ಎಂದಳು. ಮುಂದಿನ ಪಾಠ ಇನ್ನೂ ಕಠಿಣವಂತೆ, ಪದ್ಯ ಓದಿ ನೋಡಿದರೂ ಕ್ಲಾಸಿನ ಗ್ರೂಪಿನಲ್ಲಿ ಬಹಳ ಜನರಿಗೆ ತಿಳಿದಿಲ್ಲವಂತೆ, ಕೇಳಲು ನಾಚಿಕೆಯಂತೆ. "ನಿಮಗ ಹೆಂಗೂ ನಾಚಿಕಿ ಇಲ್ಲಲ್ಲ ಅಂಕಲ್, ನಮ್ಮದೂ ನೀವೇ ಕೇಳ್ರಿ."

ಚೆನ್ನಯಣ್ಣ ಗಂಟಲು ಸರಿಮಾಡಿಕೊಂಡು, ಕಿವಿಯ ಹಿಂದಿನ ಪೆನ್ನು ತೆಗೆದ.

"ಒಬ್ಬೊಬ್ಬರದ್ದೇ ಹೇಳು," ಎಂದ. "ಮೊದಲು ಯಾರದ್ದು?"