ಹಲ್ಲಕ್ಕ ಕಾರಿನಿಂದ ಇಳಿಯುವ ಬಗೆ

ಹಲ್ಲಕ್ಕ ಕಾರಿನಿಂದ ಇಳಿಯಬೇಕಾದರೆ ಬಾಗಿಲು ಪೂರ್ತಿ ತೆರೆಯಬೇಕು. ಅರ್ಧ ತೆರೆದರೆ ಸಾಲದು, ಮುಕ್ಕಾಲೂ ಸಾಲದು. ಸೊಂಟದ ಕೀಲುಗಳು ಹರೆಯದಲ್ಲೇ ಕಾಯಿಲೆ ಬಿದ್ದು ಬಿಗಿದುಕೊಂಡಿದ್ದರಿಂದ ಅವಳ ಕಾಲುಗಳು ಒಂದನ್ನೊಂದು ಬಿಟ್ಟು ಸರಿಯುವುದಿಲ್ಲ. ನಾವೆಲ್ಲ ಒಂದು ಕಾಲು ಹೊರಗಿಟ್ಟು, ಇನ್ನೊಂದನ್ನು ಎಳೆದುಕೊಂಡು, ಬಾಗಿಲ ಸಂದಿಯಲ್ಲಿ ನುಸುಳಿ ಬರುತ್ತೇವಲ್ಲ, ಅದು ಅವಳಿಂದ ಆಗದ ಕೆಲಸ. ಅವಳು ಸೀಟಿನ ಮೇಲೆ ಒಂದು ಪ್ಲಾಸ್ಟಿಕ್ ಚೀಲ ಹಾಸಿಕೊಂಡಿರುತ್ತಾಳೆ. ಅದರ ಮೇಲೆ ಜಾರಿ ಇಡೀ ಮೈಯನ್ನು ಹೊರಕ್ಕೆ ತಿರುಗಿಸಿ, ಎರಡು ಪಾದವನ್ನೂ ಒಟ್ಟಿಗೆ ನೆಲಕ್ಕೆ ಊರಿ, ಬಾಗಿಲಿನ ಚೌಕಟ್ಟು ಹಿಡಿದು ಎದ್ದು ನಿಲ್ಲುತ್ತಾಳೆ. ಎದ್ದು ನಿಂತ ಮೇಲೆ ನೋಡಿದವರಿಗೆ ಏನೂ ಕಾಣುವುದಿಲ್ಲ. ಸಣ್ಣ ಹೆಜ್ಜೆ ಇಟ್ಟು ನೆಟ್ಟಗೆ ನಡೆಯುತ್ತಾಳೆ. ಅವಳ ಕಷ್ಟಗಳೆಲ್ಲ ಶುರುವಾಗುವುದು ಅಲ್ಲಿಂದಲೇ.

ಹಲ್ಲಕ್ಕ ಎನ್ನುವುದು ಕೆಲಸದಿಂದ ಅಂಟಿದ ಹೆಸರು. ದಂತವೈದ್ಯರೇ ತುಂಬಿಕೊಂಡ ಒಂದು ಕಟ್ಟಡದ ನೆಲಮಹಡಿಯ ಲ್ಯಾಬಿನಲ್ಲಿ ಅವಳು ಕಟ್ಟುಹಲ್ಲು ಮಾಡುತ್ತಾಳೆ. ಎತ್ತರದ ಸ್ಟೂಲಿನ ಮೇಲೆ ಅರ್ಧ ಕೂತು ಅರ್ಧ ನಿಂತು, ಮೇಣದ ಒಸಡಿನಲ್ಲಿ ಒಂದೊಂದೇ ಹಲ್ಲು ನಿಲ್ಲಿಸಿ, ಸಂಜೆಯ ಹೊತ್ತಿಗೆ ಯಾರದೋ ಬಾಯಿಗೆ ಒಂದು ನಗು ಸಿದ್ಧ ಮಾಡಿಡುತ್ತಾಳೆ. ಬಟ್ಟೆಯಲ್ಲಿ ಸದಾ ಅಚ್ಚು ತೆಗೆಯುವ ಗಾರೆಯ ಪುಡಿ. ಮಾತೂ ಹಾಗೆಯೇ, ಸ್ವಲ್ಪ ಒರಟು. ಅಂಗವಿಕಲರ ಜಾಗದಲ್ಲಿ ಕಾರು ನಿಲ್ಲಿಸಿ ನೆಟ್ಟಗೆ ನಡೆದು ಹೋಗುವವಳನ್ನು ಕಂಡು ಯಾರಾದರೂ ಕಿಸಕ್ಕೆಂದರೆ, “ಹಲ್ಲು ಕಿರಿಯೋರಿಂದಲೇ ನನ್ನ ಹೊಟ್ಟೆ ತುಂಬೋದು, ಇನ್ನೂ ಸ್ವಲ್ಪ ಕಿರೀರಿ” ಎಂದು ಹೇಳಿ ಮುಂದೆ ಹೋಗುತ್ತಿದ್ದಳು.

ಮನೆಯಲ್ಲಿ ಕೆಳಗಿನ ಕೋಣೆ ಅವಳದು, ಮೇಲೆ ತಮ್ಮನ ಸಂಸಾರ. ತಮ್ಮ ಡ್ರೈವಿಂಗ್ ಶಾಲೆಯ ಮಾಸ್ತರ. ಅವನ ಹೆಂಡತಿಗೆ ಎಲ್ಲದಕ್ಕೂ ಕಳವಳ. ಮಗು ಅತ್ತರೆ ಯಾಕೆ ಅಳುತ್ತಿದೆ, ಅಳದಿದ್ದರೆ ಯಾಕೆ ಅಳುತ್ತಿಲ್ಲ. ಹಲ್ಲಕ್ಕನಿಗೆ ಆ ಹುಡುಗಿಯ ಮೇಲೆ ಪ್ರೀತಿಯಿತ್ತು. ಅವಳು ಮಗುವನ್ನು ಕೆಳಗೆ ತಂದು ಬಿಟ್ಟು, “ಅತ್ತಿಗೆ, ಸ್ವಲ್ಪ ನೋಡ್ಕೊಳ್ಳಿ, ಸ್ನಾನ ಮಾಡಿ ಬರ್ತೀನಿ” ಎಂದರೆ, ಹಲ್ಲಕ್ಕ ಮಗುವಿನ ಒಸಡಿನ ಮೇಲೆ ಬೆರಳಾಡಿಸಿ ಯಾವ ಹಲ್ಲು ಯಾವ ವಾರ ಮೊಳೆಯುತ್ತದೆಂದು ಭವಿಷ್ಯ ಹೇಳುತ್ತಿದ್ದಳು. ಅದೇನೂ ನಿಜವಾಗುತ್ತಿರಲಿಲ್ಲ.

ಅಂಗವಿಕಲರ ಜಾಗದಲ್ಲಿ ಕಾರು ನಿಲ್ಲಿಸಲು ಮೊದಲು ಹಲ್ಲಕ್ಕನ ಬಳಿ ಇದ್ದದ್ದು ಒಂದು ಅನುಮತಿ ಕಾರ್ಡು. ಗಾಲಿಕುರ್ಚಿಯ ಚಿತ್ರ ಒಂದು ಕಡೆ, ಅವಳ ಫೋಟೋ ಇನ್ನೊಂದು ಕಡೆ. ಕಾರು ನಿಲ್ಲಿಸಿದಾಗ ಕನ್ನಡಿಗೆ ನೇತುಹಾಕಬೇಕು, ಓಡಿಸುವಾಗ ತೆಗೆದಿಡಬೇಕು, ಇಲ್ಲದಿದ್ದರೆ ರಸ್ತೆ ಕಾಣದು. ತೆಗೆದಿಟ್ಟರೆ ಹಾಕಲು ಮರೆಯುವುದು, ಹಾಕಿದರೆ ಅದು ಜಾರಿ ಸೀಟಿನಡಿ ಸೇರುವುದು. ಈ ತಾಪತ್ರಯವೇ ಬೇಡವೆಂದು ತಮ್ಮನೇ ಓಡಾಡಿ, ಕಾರ್ಡು ಬದಲಾಯಿಸಿ, ಅದೇ ಚಿತ್ರವಿರುವ ನಂಬರ್ ಪ್ಲೇಟು ಮಾಡಿಸಿಕೊಟ್ಟಿದ್ದ. ಪ್ಲೇಟು ಕಾರಿನ ಮೈಗೇ ಕೂತಿರುತ್ತದೆ, ಮರೆಯುವ ಮಾತಿಲ್ಲ. ಒಳ್ಳೆಯ ಕೆಲಸವೇ. ಆದರೆ ಆ ಚಿತ್ರ ಕಾರಿನದಲ್ಲ, ಕಾರಿನಲ್ಲಿ ಕೂತ ಅಕ್ಕನದು ಎಂಬುದು ದಿನ ಕಳೆದಂತೆ ಅವನಿಗೆ ಮರೆತುಹೋಯಿತು.

ಶುರುವಾದದ್ದು ಮಗುವಿನ ಜ್ವರದಿಂದ. ಹೊರಗೆ ಸುರಿಮಳೆ, ಮಗುವಿನ ಮೈ ಕಾದ ಹೆಂಚು. ಶಾಲೆಯ ಕಾರು ರಿಪೇರಿಗೆ ಹೋಗಿತ್ತು. ಹಲ್ಲಕ್ಕನೇ ಕೀಲಿ ಎಸೆದು, “ಓಡು” ಎಂದಿದ್ದಳು. ಔಷಧಿ ಅಂಗಡಿಯ ಬಾಗಿಲಲ್ಲೇ ಇದ್ದ ಗಾಲಿಕುರ್ಚಿ ಜಾಗದಲ್ಲಿ ಅವನು ಕಾರು ನುಗ್ಗಿಸಿದ. ಅವತ್ತು ಯಾರೂ ಅದನ್ನು ತಪ್ಪೆನ್ನಲಿಲ್ಲ. ಅವಳೂ ಅನ್ನಲಿಲ್ಲ. ಆದರೆ ರುಚಿ ಕಂಡ ಬೆಕ್ಕು ಗಡಿಗೆ ಬಿಡುತ್ತದೆಯೇ? ಆಮೇಲೆ ಬ್ರೆಡ್ ತರಲು, ಫೋನಿನ ಗಾಜು ಹಾಕಿಸಲು, ಎಲ್ಲದಕ್ಕೂ ಅಕ್ಕನ ಕಾರೇ ಬೇಕಾಯಿತು.

“ಬ್ರೆಡ್ಡಿಗೂ ಜ್ವರ ಬಂದಿತ್ತೇನೋ?” ಎಂದು ಕೇಳಿದ್ದಳು ಒಮ್ಮೆ.

“ಖಾಲಿ ಬಿದ್ದಿತ್ತು ಅಕ್ಕ. ಯಾರೂ ಇರಲಿಲ್ಲ.”

“ಖಾಲಿ ಇರಲಿ ಅಂತಲೇ ಕಣೋ ಅದನ್ನ ಇಟ್ಟಿರೋದು.”

ಅವನು ನಕ್ಕು ಹೋದ. ತನ್ನ ಶಾಲೆಯ ಗೋಡೆಯ ಮೇಲಿನ ಚಿತ್ರಪಟದಲ್ಲಿ ಅದೇ ಗಾಲಿಕುರ್ಚಿಯನ್ನು ಕೋಲಿನಿಂದ ತಟ್ಟಿ, ಇಲ್ಲಿ ನಿಲ್ಲಿಸಿದರೆ ಜೋಕೆ ಎಂದು ಪಾಠ ಹೇಳುವ ಮಾಸ್ತರ. ದೀಪದ ಬುಡ ಕತ್ತಲೆ ಎನ್ನುವುದು ಇದಕ್ಕೇ.

ಸಿಕ್ಕಿಬಿದ್ದದ್ದು ಕ್ಷೌರದಂಗಡಿಯ ಮುಂದೆ. ತಲೆ ನುಣ್ಣಗೆ ಮಾಡಿಸಿಕೊಂಡು ಹೊರಗೆ ಬಂದರೆ ಕಾರಿನ ಪಕ್ಕ ಇನ್ಸ್‌ಪೆಕ್ಟರ್ ನಿಂತಿದ್ದ. ಪ್ಲೇಟು ಯಾರ ಹೆಸರಿನದು, ಅವರೆಲ್ಲಿ ಎಂದು ಕೇಳಿದ. ತಮ್ಮನ ಬಾಯಿಂದ ಯೋಚಿಸುವ ಮೊದಲೇ ಉದುರಿತು: ಅಕ್ಕ ಒಳಗಿದ್ದಾರೆ. ಗಂಡಸರ ಕ್ಷೌರದಂಗಡಿಯಲ್ಲೇ ಎಂದು ಇನ್ಸ್‌ಪೆಕ್ಟರ್ ಹುಬ್ಬೇರಿಸಿದಾಗ, ಇಲ್ಲ ಪಕ್ಕದ ಬಟ್ಟೆ ಅಂಗಡಿಯಲ್ಲಿ ಎಂದು ತಿದ್ದಿದ. ಇನ್ಸ್‌ಪೆಕ್ಟರ್ ವಾದ ಮಾಡಲಿಲ್ಲ. ಅಕ್ಕನನ್ನೇ ಕರೆದುಕೊಂಡು ಸಾರಿಗೆ ಕಚೇರಿಗೆ ಬನ್ನಿ, ಅವರೇ ಹೇಳಲಿ ಎಂದು ಹೇಳಿ ಹೊರಟುಹೋದ.

ಅವತ್ತು ಸಂಜೆ ಗಂಡ ಹೆಂಡತಿ ಇಬ್ಬರೂ ಕೆಳಗಿಳಿದು ಬಂದರು. ತಾನು ಬಟ್ಟೆ ಅಂಗಡಿಯಲ್ಲಿದ್ದೆ ಎಂದು ಹಲ್ಲಕ್ಕನೇ ಹೇಳಿಬಿಟ್ಟರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಇಲ್ಲವೆಂದರೆ ಮಾಸ್ತರಿಕೆಯ ಪರವಾನಗಿಗೆ ಕುತ್ತು. ಪ್ಲೇಟಿಗೂ ಕುತ್ತು, ಯಾಕೆಂದರೆ ತನ್ನ ಗುರುತನ್ನು ಬೇರೆಯವರಿಗೆ ಕೊಟ್ಟವರಿಂದ ಅದನ್ನು ಕಿತ್ತುಕೊಳ್ಳಬಹುದು ಎಂಬ ನಿಯಮವಿತ್ತು. ಪ್ಲೇಟು ಹೋದರೆ ಲ್ಯಾಬಿನ ಮುಂದಿನ ಜಾಗ ಹೋಯಿತು. ಬೇರೆ ಜಾಗಗಳಲ್ಲಿ ಕಾರುಗಳು ಬೆಂಕಿಪೆಟ್ಟಿಗೆಯ ಕಡ್ಡಿಗಳಂತೆ ಒತ್ತಿಕೊಂಡು ನಿಲ್ಲುತ್ತವೆ. ಬಾಗಿಲು ತೆರೆಯದ ಕಡೆ ಅವಳು ಇಳಿಯುವುದಾದರೂ ಹೇಗೆ, ಕೆಲಸಕ್ಕೆ ಹೋಗುವುದಾದರೂ ಹೇಗೆ?

“ಒಂದು ‘ಹೂಂ’ ಅಂದ್ರೆ ಸಾಕು ಅಕ್ಕ. ನಿನಗೂ ಒಳ್ಳೇದು, ನನಗೂ ಒಳ್ಳೇದು” ಎಂದ ತಮ್ಮ.

“ನಾನು ಕಟ್ಟೋದು ಹಲ್ಲು. ಕಥೆ ಅಲ್ಲ.”

ತಮ್ಮನ ಹೆಂಡತಿ ಮಗುವನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡಳು. ಇವರ ಕೆಲಸ ಹೋದರೆ ಮಗುವಿನ ಗತಿಯೇನು, ಮಾತು ಊರೆಲ್ಲ ಹರಡಿದರೆ ಕಲಿಯಲು ಯಾರು ಬರುತ್ತಾರೆ, ಇವರಿಗೆ ಮೊದಲೇ ರಕ್ತದೊತ್ತಡ ಎಂದು ಒಂದರ ಹಿಂದೆ ಒಂದು ಪೋಣಿಸಿದಳು. ಹಲ್ಲಕ್ಕ ಮಗುವನ್ನೇ ನೋಡುತ್ತಿದ್ದಳು. ಕೊನೆಗೆ, “ಹೋಗಿ ಊಟ ಮಾಡಿ. ನನ್ನ ಬಾಯಿ, ನಾನು ನೋಡ್ಕೋತೀನಿ” ಎಂದಳು. ಅದು ಹೂಂ ಎಂದೋ ಊಹೂಂ ಎಂದೋ ಇಬ್ಬರಿಗೂ ತಿಳಿಯಲಿಲ್ಲ. ನಿಜ ಹೇಳಬೇಕೆಂದರೆ ಅವಳಿಗೂ ಇನ್ನೂ ತಿಳಿದಿರಲಿಲ್ಲ.

ಮೂವರೂ ಮಗುವಿನೊಂದಿಗೆ ಕಚೇರಿಗೆ ಹೋದರು. ಹಲ್ಲಕ್ಕನೇ ಕಾರು ಓಡಿಸಿದಳು. ಕಚೇರಿಯ ಅಂಗಳದಲ್ಲಿ ಗಾಲಿಕುರ್ಚಿ ಬರೆದ ಜಾಗವೇನೋ ಇತ್ತು, ಖಾಲಿಯೂ ಇತ್ತು. ಆದರೆ ಅದರ ಪಕ್ಕದಲ್ಲಿ ಹಳದಿ ಓರೆಗೆರೆ ಎಳೆದ ಪಟ್ಟಿಯಿರುತ್ತದಲ್ಲ, ಬಾಗಿಲು ತೆರೆಯಲೆಂದೇ ಬಿಟ್ಟದ್ದು, ಅದರ ತುಂಬ ಸ್ಕೂಟರುಗಳು. ಜನರಿಗೆ ಆ ಗೆರೆಗಳು ಬರಿಯ ಅಲಂಕಾರ. ಹಲ್ಲಕ್ಕ ಗೇಟಿನ ಮುಂದೆ ರಸ್ತೆಯಲ್ಲೇ ಇಳಿದಳು. ತಮ್ಮ ಕಾರನ್ನು ಒಳಗೆ ತಂದು ಆ ಜಾಗದಲ್ಲೇ ನಿಲ್ಲಿಸಿ, ಆಚೆ ಬಾಗಿಲಿಂದ ಇಳಿದ. ಮೆಟ್ಟಿಲು ಹತ್ತುವಾಗ ಅವಳಿಗೆ ನಗು ಬಂತು, ಬೆನ್ನಿಗೇ ಸಿಟ್ಟೂ ಬಂತು. ಆ ಸಿಟ್ಟಿನಲ್ಲೇ ಅವಳ ಮನಸ್ಸು ಒಂದು ಕಡೆಗೆ ನಿಂತಿತು. ಸ್ಕೂಟರಿನವರಿಗೂ ತನ್ನ ತಮ್ಮನಿಗೂ ಏನು ವ್ಯತ್ಯಾಸ? ಎಲ್ಲರೂ ಒಂದೇ ನಿಮಿಷಕ್ಕೆಂದು ನಿಲ್ಲಿಸಿದವರೇ.

ಒಳಗೆ ಇನ್ಸ್‌ಪೆಕ್ಟರನ ಮೇಲಧಿಕಾರಿ ಕನ್ನಡಕವನ್ನು ಹಣೆಗೇರಿಸಿ ಕೂತಿದ್ದ. ಅವತ್ತು ಬಟ್ಟೆ ಅಂಗಡಿಯಲ್ಲಿ ನೀವಿದ್ದಿರಾ ಎಂದು ಕೇಳಿದ.

“ಇಲ್ಲ. ನಾನು ಲ್ಯಾಬಲ್ಲಿದ್ದೆ.”

ಹಿಂದೆ ತಮ್ಮನ ಕುರ್ಚಿ ಕಿರ್ರೆಂದಿತು. ಅಧಿಕಾರಿ ಕನ್ನಡಕ ಇಳಿಸಿದ. ಹಾಗಾದರೆ ಕಾರು ನಿಮಗೆ ತಿಳಿಯದೆ ಹೋಗಿತ್ತೇ ಎಂದು ಕೇಳಿದ. ಆ ಪ್ರಶ್ನೆಯಲ್ಲಿ ಅವಳಿಗೆ ಒಂದು ದಾರಿ ಇತ್ತು. ಹೌದು, ತಿಳಿಯದೆ ಎಂದರೆ ಪ್ಲೇಟು ಉಳಿಯುತ್ತಿತ್ತು, ತಮ್ಮನೊಬ್ಬನೇ ಮುಳುಗುತ್ತಿದ್ದ.

“ತಿಳಿದೇ ಹೋಗಿತ್ತು. ಗಾಡಿ ಕೊಟ್ಟಿದ್ದು ನಾನೇ. ಜಾಗ ಕೊಟ್ಟಿಲ್ಲ. ಅದನ್ನ ಕೊಡೋಕೆ ಅದು ನಮ್ಮಪ್ಪನ ಆಸ್ತಿಯಲ್ಲ.”

ಅಧಿಕಾರಿಗೆ ಇದನ್ನು ಫಾರ್ಮಿನ ಯಾವ ಕಾಲಮ್ಮಿನಲ್ಲಿ ಬರೆಯುವುದೆಂದು ತೋಚಲಿಲ್ಲ. ಅವಳನ್ನು ಮೇಲಿಂದ ಕೆಳಗೆ ನೋಡಿದ. ನೆಟ್ಟಗೆ ನಿಂತಿದ್ದಾಳೆ, ಕೈಯಲ್ಲಿ ಕೋಲಿಲ್ಲ. ಅವನಿಗೂ ಎಲ್ಲರಿಗೂ ಬರುವ ಅನುಮಾನವೇ ಬಂತು. ಸ್ವಲ್ಪ ಆ ಗೋಡೆಯವರೆಗೆ ನಡೆದು ತೋರಿಸಿ ಎಂದ.

“ನಡೀತೀನಿ. ತೋರಿಸಲ್ಲ” ಎಂದಳು ಹಲ್ಲಕ್ಕ.

ಅಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

“ನಡಿಯೋಕಾಗಲ್ಲ ಅಂತ ನಾನು ಯಾವತ್ತೂ ಹೇಳಿಲ್ಲ ಸಾರ್. ಇಳಿಯೋಕೆ ಜಾಗ ಬೇಕು ಅಂತ ಹೇಳಿರೋದು. ನೋಡಲೇಬೇಕು ಅಂದ್ರೆ ಕೆಳಗೆ ಬನ್ನಿ. ನಾನು ಕಾರು ಹತ್ತೋದನ್ನ ನೋಡಿ.”

ಅವನು ಬಂದ. ಬರಬಾರದೆಂದೇ ಇದ್ದನೋ ಏನೋ, ಆದರೆ ಅವಳು ಬಾಗಿಲು ಹಿಡಿದು ನಿಂತೇ ಇದ್ದಳು. ಕೆಳಗೆ ಬಂದರೆ ಸ್ಕೂಟರುಗಳು ಇನ್ನೂ ಹಾಗೆಯೇ ಇದ್ದವು. ಹಲ್ಲಕ್ಕ ಕಾರಿನ ಬಾಗಿಲು ತೆರೆದಳು. ಅದು ಅಂಗೈಯಗಲ ಸರಿದು ಸ್ಕೂಟರಿನ ಹಿಡಿಗೆ ಟಣ್ಣೆಂದು ಬಡಿಯಿತು. ಇನ್ನೊಮ್ಮೆ ತೆರೆದಳು, ಇನ್ನೊಮ್ಮೆ ಟಣ್ಣೆಂದಿತು. ಗಾಡಿಗೆ ಗೀರು ಬೀಳುತ್ತದೆ ಎಂದು ಅಧಿಕಾರಿ ಕೈ ಅಡ್ಡ ತಂದ. ಆ ಸ್ಕೂಟರು ಅವನದೇ ಕಚೇರಿಯ ಗುಮಾಸ್ತನದು. ಗುಮಾಸ್ತ ಓಡಿ ಬಂದು ಒಂದೇ ನಿಮಿಷ ಎಂದ.

“ಒಂದು ನಿಮಿಷ ಏನಲ್ಲ, ಪೂರ್ತಿ ಖಾಲಿ ಮಾಡಿ. ಎಲ್ಲಾ ಗಾಡಿ. ನಾನು ಕಾಯ್ತೀನಿ” ಎಂದಳು ಹಲ್ಲಕ್ಕ.

ಬಿಸಿಲಲ್ಲಿ ನಿಂತೇ ಕಾದಳು. ತಮ್ಮನ ಹೆಂಡತಿ, ಅತ್ತಿಗೆ ನೆರಳಿಗೆ ಬನ್ನಿ, ತಲೆ ತಿರುಗುತ್ತೆ ಎಂದು ಸೆರಗು ಹಿಡಿದೆಳೆದರೂ ಕದಲಲಿಲ್ಲ. ಒಂದೊಂದಾಗಿ ಸ್ಕೂಟರುಗಳು ಹೊರಟವು. ಆಮೇಲೆ ಬಾಗಿಲು ಕೊನೆಯವರೆಗೆ ತೆರೆದು, ಪ್ಲಾಸ್ಟಿಕ್ ಚೀಲದ ಮೇಲೆ ಕೂತು, ಎರಡು ಕಾಲನ್ನೂ ಒಟ್ಟಿಗೆ ಎತ್ತಿ ಒಳಗೆ ತಿರುಗಿದಳು. ಅಧಿಕಾರಿ ಬೇರೆ ಕಡೆ ನೋಡಿದ.

ತೀರ್ಪು ಅಲ್ಲೇ ಅಂಗಳದಲ್ಲಿ ಆಯಿತು. ಪ್ಲೇಟು ರದ್ದು. ಅವಳಿಗೆ ಅವಳ ಹೆಸರಿನ ಕಾರ್ಡು ಮತ್ತೆ ಕೊಡಲಾಗುವುದು, ಆದರೆ ತಯಾರಾಗಿ ಕೈಗೆ ಬರುವವರೆಗೆ ಯಾವ ಗುರುತೂ ಇಲ್ಲ. ಮಾಸ್ತರ ರಸ್ತೆಯ ಚಿಹ್ನೆಗಳ ಪರೀಕ್ಷೆಯನ್ನು ಮತ್ತೆ ಬರೆಯಬೇಕು, ಕಲಿಯುವವರ ಜೊತೆಯಲ್ಲೇ ಕೂತು. ಪಾಸಾಗುವವರೆಗೆ ಪಾಠ ಬಂದ್. ತಮ್ಮನ ಮುಖ ಸುಣ್ಣವಾಯಿತು. ಯಾರೋ ತಂದುಕೊಟ್ಟ ಸ್ಕ್ರೂಡ್ರೈವರಿನಿಂದ ಅವನೇ ಕೂತು ಪ್ಲೇಟು ಬಿಚ್ಚಿದ. ಕಚೇರಿಯವರು ಕೊಟ್ಟ ಗುರುತಿಲ್ಲದ ಮಾಮೂಲಿ ಪ್ಲೇಟು ಹಾಕಿಕೊಂಡು ಮನೆಗೆ ಬರುವಾಗ ಅವನು ಹಿಂದಿನ ಸೀಟಿನಿಂದ ಒಂದೇ ಮಾತು ಆಡಿದ.

“ನನ್ನ ಹುಡುಗರ ಪಕ್ಕ ಕೂರಿಸಿಬಿಟ್ಟೆ ಅಕ್ಕ.”

“ಕೂತ್ಕೋ. ಕಾಪಿ ಮಾತ್ರ ಹೊಡೀಬೇಡ.”

ತಮ್ಮನ ಹೆಂಡತಿಗೆ ನಗು ತಡೆಯಲಾಗಲಿಲ್ಲ. ಗಂಡನ ಮುಖ ನೋಡಿ, ಕೆಮ್ಮು ಬಂದಂತೆ ಮಾಡಿ ಮಗುವಿನ ಟೋಪಿ ಸರಿಮಾಡಿದಳು.

ಮರುದಿನ ಬೆಳಗ್ಗೆ ಅವಳು ಗಾಬರಿಯಿಂದ ಕೆಳಗಿಳಿದು ಬಂದಳು. ಕಾರ್ಡು ಬರುವವರೆಗೆ ರಜೆ ಹಾಕಿ ಅತ್ತಿಗೆ, ಆ ಜಾಗದಲ್ಲಿ ನಿಲ್ಲಿಸಿದರೆ ಮತ್ತೆ ಹಿಡೀತಾರೆ, ಬೇರೆ ಕಡೆ ಇಳಿಯೋಕಾಗಲ್ಲ, ರಸ್ತೆಯಲ್ಲಿ ಇಳಿದರೆ ಯಾವನಾದರೂ ಗುದ್ದಿಬಿಟ್ಟರೆ ಎಂದು ಕೇಳಿದಳು. ಎಲ್ಲ ನಿಜವಾದ ಭಯಗಳೇ. ಹಲ್ಲಕ್ಕ ಒಂದನ್ನೂ ಅಲ್ಲಗಳೆಯಲಿಲ್ಲ. ಮೂವರು ಅಜ್ಜಂದಿರು ಹಲ್ಲಿಲ್ಲದೆ ಕಾಯುತ್ತಿದ್ದಾರೆ ಎಂದಷ್ಟೇ ಹೇಳಿ ಕೀಲಿ ತೆಗೆದುಕೊಂಡಳು.

ಲ್ಯಾಬಿನ ಮುಂದಿನ ಗಾಲಿಕುರ್ಚಿ ಜಾಗ ಖಾಲಿಯಿತ್ತು. ಅವಳು ಅದರತ್ತ ಕಾರು ತಿರುಗಿಸಲಿಲ್ಲ. ಇನ್ಯಾರಾದರೂ ಬರಬಹುದು. ರಸ್ತೆಯ ನಡುವೆಯೇ, ಕಟ್ಟಡದ ಬಾಗಿಲಿಗೆ ನೇರವಾಗಿ ಕಾರು ನಿಲ್ಲಿಸಿ, ಎಚ್ಚರಿಕೆಯ ದೀಪ ಮಿನುಗಿಸಿ ಬಾಗಿಲು ತಳ್ಳಿದಳು. ಹಿಂದೆ ಒಂದು ಹಾರನ್ನು, ಅದರ ಹಿಂದೆ ಹತ್ತು. ಲ್ಯಾಬಿನ ಹುಡುಗಿ, ಕಾರನ್ನು ಹಿತ್ತಲಲ್ಲಿ ನಿಲ್ಲಿಸಲು ಓಡಿ ಬಂದಳು. ಸಾಮಾನು ಸಾಗಿಸುವ ವ್ಯಾನಿನವನೊಬ್ಬ ತಲೆ ಹೊರಹಾಕಿ, “ರಸ್ತೆ ಏನು ನಿಮ್ಮ ಮನೆ ಅಂಗಳವೇನಮ್ಮಾ?” ಎಂದ.

“ಅಲ್ಲಪ್ಪ. ಅದಕ್ಕೇ ಇಳೀತಾ ಇದ್ದೀನಿ” ಎಂದಳು ಹಲ್ಲಕ್ಕ. ಅವಸರ ಮಾಡಲಿಲ್ಲ. ಅವನು ಇನ್ನೊಮ್ಮೆ ಹಾರನ್ನು ಒತ್ತಿದ. ಅವಳು ಚೌಕಟ್ಟು ಹಿಡಿದು ಎದ್ದು ನಿಂತು, ಸೀರೆಯ ನೆರಿಗೆ ಸರಿಪಡಿಸಿಕೊಂಡು, ಆಮೇಲೆ ಲ್ಯಾಬಿನ ಹುಡುಗಿಯನ್ನು ಒಳಗೆ ಕೂರಿಸಿ ಬಾಗಿಲು ಮುಚ್ಚಿದಳು.