ಮೈತ್ರಿ ಮೇಡಂ ಕೇಳಿದ ಏಣಿ

"ಒಂದು ಏಣಿ ಬೇಕಿತ್ತು ಸಾರ್, ಇರೋದು ಹಾಳಾಗಿದೆ" ಎಂದು ಮೈತ್ರಿ ಮೇಡಂ ಫೋನಿನಲ್ಲಿ ಹೇಳಿದ್ದೇ ತಡ, ನಾನು ಬನಶಂಕರಿಯಲ್ಲಿ ಅಲ್ಯೂಮಿನಿಯಂ ಏಣಿಯೊಂದನ್ನು ಕೊಂಡು, ಲಗೇಜ್ ಆಟೋದಲ್ಲಿ ತಬ್ಬಿಕೊಂಡು ಉತ್ತರಹಳ್ಳಿಯ ಅವರ ಸರ್ಕಾರಿ ಶಾಲೆಗೆ ಹೋದೆ. ನಾನು ಕಂಪನಿಯೊಂದರ ಸಮಾಜಸೇವಾ ವಿಭಾಗದವನು. ಅಂದರೆ ಸಂಬಳ ತೆಗೆದುಕೊಂಡು ಸೇವೆ ಮಾಡುವವನು. ಸಿಗ್ನಲ್ಲಿನಲ್ಲಿ ಜನ ತಿರುಗಿ ನೋಡಿದರೆ ಎದೆಯುಬ್ಬುತ್ತಿತ್ತು.

ಮೇಡಂ ಏಣಿಯನ್ನೂ ನೋಡಿದರು, ನನ್ನನ್ನೂ ನೋಡಿದರು. "ಸುಣ್ಣ ಹೊಡಿಯೋಕೆ ಬಂದ್ರಾ ಸಾರ್?"

ಅವರು ಕೇಳಿದ್ದು ಕಲಿಕೆಯ ಏಣಿಯನ್ನು. ಅಲ್ಲಿ ಒಂದರಿಂದ ಮೂರನೇ ತರಗತಿಯವರೆಲ್ಲ ಒಂದೇ ಕೋಣೆಯಲ್ಲಿ ಕೂರುತ್ತಾರೆ. ಯಾವ ಮಗು ಯಾವ ಪಾಠದವರೆಗೆ ಹತ್ತಿದೆ ಎಂದು ತೋರಿಸುವ, ಗೋಡೆಗೆ ಅಂಟಿಸುವ ದೊಡ್ಡ ಹಾಳೆ ಅದು. ಹಳೆಯದು ತೇವಕ್ಕೆ ಹರಿದಿತ್ತು. ನಾನು ತಂದ ಏಣಿಯನ್ನು ಅಂಗಡಿಯವನು ವಾಪಸ್ ತೆಗೆದುಕೊಳ್ಳಲಿಲ್ಲ.

ಮೈತ್ರಿ ಹೊಸಕೆರೆಹಳ್ಳಿಯವರು. ಮನೆಯ ಬಾಗಿಲಿಗೆ ನೀಲಿ ಬಣ್ಣ, ಒಳಗೆ ಬುದ್ಧನ ಪಟ. ಪೇಂಟರ್ ಕೆಲಸದ ಅಪ್ಪ ಚಿನ್ನಪ್ಪ ಮಗಳನ್ನು ಡಿ.ಎಡ್. ಓದಿಸಿದರು. ಈಗ ಅವರು ಅತಿಥಿ ಶಿಕ್ಷಕಿ. ಅತಿಥಿ ಎಂದಮೇಲೆ ಬೇಸಿಗೆ ರಜೆ ಬಂದರೆ ಕೆಲಸವಿಲ್ಲ, ಶಾಲೆ ತೆರೆದಾಗ ಮತ್ತೆ ಕರೆದರೆ ಉಂಟು. ಹಾಗಾಗಿ ಸಂಜೆ ಪದ್ಮನಾಭನಗರದಲ್ಲಿ ಟ್ಯೂಷನ್. ಅಲ್ಲಿ ಖಾಸಗಿ ಶಾಲೆಯ ಮೂರನೇ ತರಗತಿಯ ಇಂಚರ ಕಥೆಪುಸ್ತಕ ಮುಗಿಸಿ "ಮಿಸ್, ಬೋರು" ಅನ್ನುತ್ತಾಳೆ. ಬೆಳಗ್ಗೆ ಇಲ್ಲಿ, ಅದೇ ಮೂರನೇ ತರಗತಿಯ ಯಲ್ಲವ್ವ ಒತ್ತಕ್ಷರದ ಮುಂದೆ ನಿಂತುಬಿಡುತ್ತಾಳೆ.

ಒಮ್ಮೆ ಯಲ್ಲವ್ವ ನನ್ನೆದುರು ಚಿತ್ರದ ಪುಸ್ತಕ ತೆರೆದು ಪಟ್ಟನೆ "ಬೆಕ್ಕು" ಎಂದಳು. ನಾನು ಚಪ್ಪಾಳೆ ತಟ್ಟಿದೆ. ಮೇಡಂ ಚಿತ್ರದ ಮೇಲೆ ಅಂಗೈ ಇಟ್ಟು, "ಈಗ ಓದು" ಎಂದರು.

"ಬೆ... ಕು."

ಯಲ್ಲವ್ವನ ಅಪ್ಪ ಅಮ್ಮ ರಾಯಚೂರು ಕಡೆಯವರು, ಕಟ್ಟಡದ ಕೆಲಸದವರು. ಕಟ್ಟಡ ಮುಗಿದರೆ ತಗಡಿನ ಶೆಡ್ಡು ಕಿತ್ತು ಬೇರೆ ಕಡೆ. ಇದು ಅವಳ ಮೂರನೇ ಶಾಲೆ. ಪ್ರತಿ ಶಾಲೆಯಲ್ಲೂ ಮತ್ತೆ ಅ, ಆ ಇಂದಲೇ ಶುರು. ಅವಳು ಹೊರಡುವುದರೊಳಗೆ ಓದು ಹತ್ತಿಸಿಬಿಡಬೇಕೆಂದು ಮೇಡಂ ಊಟದ ಬಿಡುವಿನಲ್ಲೂ ಪಕ್ಕದಲ್ಲೇ ಕೂರಿಸಿಕೊಳ್ಳುತ್ತಿದ್ದರು. ಆದರೆ ಅವಳ ಅಪ್ಪ ಅಮ್ಮ ಕಟ್ಟುತ್ತಿದ್ದ ಅಪಾರ್ಟ್‌ಮೆಂಟಿಗೆ ಆಗಲೇ ಬಣ್ಣ ಬೀಳತೊಡಗಿತ್ತು. ಬಣ್ಣದ ಕೆಲಸ ಚಿನ್ನಪ್ಪನವರದ್ದೇ.

ಸಂಜೆ ಅವರು ಮಗಳನ್ನು ಮೊಪೆಡ್‌ನಲ್ಲಿ ಕರೆದೊಯ್ಯಲು ಬಂದಾಗ ಗೇಟಿನಲ್ಲೇ ಜಗಳ.

"ಅಪ್ಪಾ, ಬಣ್ಣ ಸ್ವಲ್ಪ ನಿಧಾನಕ್ಕೆ ಹೊಡಿ."

"ನಾನು ನಿಧಾನ ಮಾಡಿದ್ರೆ ಮೇಸ್ತ್ರಿ ಇನ್ನೊಬ್ಬನ್ನ ಕರೀತಾನೆ. ನೀನೇ ಬೇಗ ಕಲ್ಸು, ಮಿಸ್ಸು!"

ಮೇಡಂ ನಕ್ಕರು. ನಾನೂ ನಕ್ಕೆ, ನನ್ನ ಕೈಲಿ ಇನ್ನೇನಾಗುತ್ತಿತ್ತು.

ಮುಂದಿನ ಸೋಮವಾರ ಹೋದಾಗ ಯಲ್ಲವ್ವ ಇರಲಿಲ್ಲ. ಭಾನುವಾರವೇ ಶೆಡ್ಡು ಕಿತ್ತಿದ್ದರು. ಹೊಸಕೋಟೆ ಅಂದರು ಒಬ್ಬರು, ದೇವನಹಳ್ಳಿ ಅಂದರು ಇನ್ನೊಬ್ಬರು. ಅವಳ ಅಪ್ಪನ ಫೋನ್ ಸ್ವಿಚ್ಡ್ ಆಫ್. ಅವಳಿಗೆ ಒತ್ತಕ್ಷರ ಇನ್ನೂ ಹತ್ತಿರಲಿಲ್ಲ.

ಅವತ್ತೇ ನಮ್ಮ ಬಾಸ್ ಅನಂತರಾಮು ಅವರಿಗೆ ಉತ್ತರ ಬೇಕಿತ್ತು. ಈ ಶಾಲೆಯ ಕೆಲಸಕ್ಕೆ ದುಡ್ಡು ಹಾಕಿದವರು ಫಲ ಕಾಣುವ ದಿನಾಂಕ ಕೇಳುತ್ತಿದ್ದಾರಂತೆ. ಹೊತ್ತುಗೊತ್ತು ನೋಡದೆ ಬಾಯಿ ಬಿಡುವುದರಲ್ಲಿ ನಾನು ಎತ್ತಿದ ಕೈ.

"ಮೇಡಂ, ಇಲ್ಲಿನ ಮಕ್ಕಳು ಆ ಪ್ರೈವೇಟ್ ಸ್ಕೂಲ್ ಮಕ್ಕಳ ಸಮಕ್ಕೆ ಯಾವಾಗ ಬರ್ತಾರೆ?"

ಅವರು ಬೋರ್ಡು ಒರೆಸುತ್ತಿದ್ದವರು ತಿರುಗಲೂ ಇಲ್ಲ.

"ಬರಲ್ಲ ಸಾರ್. ಆ ಮಕ್ಳೇನು ಇವ್ರಿಗೋಸ್ಕರ ನಿಂತ್ಕೊಂಡು ಕಾಯ್ತಿರ್ತಾರಾ?"