ಹೊಗೆಯಾಚೆಯ ಬಾಲಚುಕ್ಕಿ

ಜಯನಗರದಲ್ಲಿ ನಮ್ಮ ಎದುರುಮನೆಯ ಯಜಮಾನರು ಸಿಕ್ಕವರಿಗೆಲ್ಲ "ಅರ್ಧ ಗಂಟೆ ತಡೀರಿ, ಚುಕ್ಕಿ ತೋರಿಸ್ತೀನಿ" ಅನ್ನುತ್ತಿದ್ದರು. ಮಾತಾಡುತ್ತಲೇ ಪಂಚೆಯ ತುದಿಯಿಂದ ದುರ್ಬೀನಿನ ಗಾಜು ಒರೆಸುತ್ತಿದ್ದರು.

ಆ ವರ್ಷ ಬೆಳಗಿನ ಜಾವ ಪೂರ್ವದಲ್ಲಿ ದೊಡ್ಡ ಬಾಲಚುಕ್ಕಿ ಮೂಡತೊಡಗಿತು. ಬೀದಿಯವರೆಲ್ಲ ಸ್ನಾನದ ಹಂಡೆಗೆ ಒಲೆ ಹಚ್ಚುವ ಹೊತ್ತೂ ಅದೇ. ಒಂದು ದಿನ ನಸುಕಿನಲ್ಲೇ, ಹೊಗೆ ಆಕಾಶ ಮುಚ್ಚುತ್ತದೆ, ಒಲೆ ಅರ್ಧ ಗಂಟೆ ತಡವಾಗಿ ಹಚ್ಚಿ ಎಂದು ಅವರು ಮನೆಮನೆಗೂ ಬಂದು ಕೇಳಿದರು. ಎಲ್ಲರೂ ಒಪ್ಪಿದರು.

ನಮ್ಮ ಮನೆಯಲ್ಲಿ ಮಾತ್ರ ಅವತ್ತು ಮೊಮ್ಮಗಳಿಗೆ ಮೊದಲ ಎಣ್ಣೆನೀರು. ನನಗೋ ನೆಲದ ಮೇಲೆ ಕಾಲೇ ನಿಲ್ಲುತ್ತಿರಲಿಲ್ಲ!

"ಕೂಸಿಗೆ ನೀರು ಹಾಕೋಳು ಬಂದು ಕೂತಿದ್ದಾಳೆ ಸಾರ್, ಅವಳಿಗೆ ಇನ್ನೂ ಮನೆಗಳಿವೆ. ನಿಮ್ ಚುಕ್ಕಿ ನಾಳೆ ಬರಲ್ವಾ?" ಎಂದೆ.

"ಇಷ್ಟು ದಿನ ಮೋಡ ಇತ್ತಮ್ಮ, ಇವತ್ತೇ ಬಿಟ್ಟಿದೆ. ನಾಳೆ ಯಾರು ಕಂಡೋರು?"

ಒಳಗೆ ಕೂಸು ಅತ್ತಿತು. ಅವರು "ಹಚ್ಚಿ ಹಚ್ಚಿ" ಎಂದು ಹೋಗಿ ತಮ್ಮ ಮಹಡಿ ಹತ್ತಿದರು. ನಮ್ಮ ಹೊಗೆ ನೇರವಾಗಿ ಅವರ ಕಡೆಗೇ ಹೋಯಿತು.

ಸ್ವಲ್ಪ ಹೊತ್ತಿಗೇ ಮೇಲಿಂದ ಕೂಗು: "ಅಮ್ಮಾ! ಹೊಗೆಯೊಳಗೂ ಹೊಳೀತಾ ಇದೆ! ಮಗೂನ ಎತ್ಕೊಂಡ್ ಬನ್ನಿ!"

ಎಣ್ಣೆ ಮೈಯ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಅವರ ಮಹಡಿಗೆ ಓಡಿದೆ. ಅಷ್ಟು ದೊಡ್ಡ ಬೆಳಕಿನೆದುರು ಕೂಸು ಬಾಯಗಲಿಸಿ ಆಕಳಿಸಿತು. ಅವರು ಆಕಾಶ ಬಿಟ್ಟು ಅದನ್ನೇ ನೋಡುತ್ತ ನಿಂತರು.